ಕೊಲ್ಲಾಪುರಮ್ಮ ಆರಿಸಿದ ಹಲ್ಲಿನ ಟೈರು

ಸೊಕ್ಕೆಯಲ್ಲಿ ನಮ್ಮ ಮನೆಗೂ ಕೊಲ್ಲಾಪುರಮ್ಮನ ಮನೆಗೂ ನಡುವೆ ಒಂದೇ ಗೋಡೆ. ಅವಳು ಗಂಡನ ಜೊತೆ ಆಡುವ ಮಾತು ನನಗೆ ಕೇಳುತ್ತಿತ್ತು, ಕೇಳದಂತೆ ಇರುವುದು ನನ್ನಿಂದ ಆಗುತ್ತಲೂ ಇರಲಿಲ್ಲ. ಜಗಳವೇನಲ್ಲ. ಅವಳು ಒಂದು ಮಾತು ಹೇಳುತ್ತಿದ್ದಳು, ಹನುಮಣ್ಣ ಹತ್ತು ಮಾತಿನಲ್ಲಿ ಬೇಡ ಅನ್ನುತ್ತಿದ್ದ, ಕೊನೆಗೆ ಅವಳ ಒಂದು ಮಾತೇ ನಡೆಯುತ್ತಿತ್ತು.

ಎಂಬತ್ತೆರಡನೇ ಇಸವಿಯಲ್ಲಿ ಅವರು ಹರಾಜಿನಲ್ಲಿ ಒಂದು ಹಳೆಯ ಪಿಕಪ್ಪು ಹಿಡಿದರು. ಮೂತಿ ಜೀಪಿನದು, ಹಿಂದೆ ಸಾಮಾನು ಹಾಕಲು ತೆರೆದ ತೊಟ್ಟಿ. ಹನುಮಣ್ಣ ಲಾರಿ ಕ್ಲೀನರಾಗಿದ್ದು ಗಾಡಿ ಓಡಿಸುವುದನ್ನು ಕಲಿತವನು. ಅವರು ಅದನ್ನು ತಂದದ್ದು ನಮ್ಮ ಕೇರಿಯ ಈರುಳ್ಳಿಗಾಗಿ.

ಕೇರಿಯ ಎಂಟು ಮನೆಯವರ ಹೊಲವೂ ಎರೆ ಭೂಮಿ. ಈರುಳ್ಳಿ ಕಿತ್ತು ಗುಡ್ಡೆ ಹಾಕಿದಾಗ ಒಂದು ಮಳೆ ಬಿದ್ದರೆ ಎತ್ತಿನ ಗಾಡಿ ಒಳಗೆ ಹೋಗುವುದಿಲ್ಲ, ಎತ್ತಿನ ಕಾಲು ಮೊಣಕಾಲುದ್ದ ಹೂತುಕೊಳ್ಳುತ್ತದೆ. ಕೊಳ್ಳುವವರು ಮಲ್ಲೇಶಪ್ಪನವರು. ಅವರ ಲಾರಿ ಡಾಂಬರು ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ. ರಸ್ತೆಗೆ ಬಂದದ್ದು ತಮ್ಮದು, ಹೊಲದಲ್ಲಿ ಉಳಿದದ್ದು ನಿಮ್ಮದು ಅನ್ನುತ್ತಿದ್ದರು. ಅವರು ಹೇಳಿದ್ದೇ ದರ. ಹೆಂಗಸರು ಚೀಲ ಹೊತ್ತು ಕೆಸರು ತುಳಿಯುತ್ತಿದ್ದೆವು. ಹೊರಲಾಗದ್ದು ಗುಡ್ಡೆಯಲ್ಲೇ ಕೊಳೆಯುತ್ತಿತ್ತು. ಊರಿಗೆಲ್ಲ ಅದರ ನಾತ.

ಮೊದಲ ವರ್ಷ ಪಿಕಪ್ಪೂ ಸೋತಿತು. ನಮ್ಮ ಹೊಲದ ದಾರಿ ಎಂದರೆ ಗಾಡಿ ಜಾಡು. ಅಜ್ಜ ಮುತ್ತಜ್ಜರ ಕಾಲದಿಂದ ಚಕ್ರ ಓಡಿ ಓಡಿ ಎರಡು ಕಡೆ ಕೊರಕಲು ಬಿದ್ದಿದೆ, ನಡುವೆ ದಿಣ್ಣೆ ಉಳಿದಿದೆ. ಟೈರು ಕೊರಕಲಿಗೆ ಇಳಿಯಿತು, ಪಿಕಪ್ಪಿನ ಹೊಟ್ಟೆ ದಿಣ್ಣೆಯ ಮೇಲೆ ಕೂತಿತು. ಮಲ್ಲೇಶಪ್ಪನವರು ಪಂಚೆ ಎತ್ತಿ ಹಿಡಿದು ಅಲ್ಲಿವರೆಗೂ ನೋಡಲು ಬಂದರು.

“ಕೋಳಿ ಕಾವಿಗೆ ಕುಂತಂಗೆ ಕುಂತೈತಲ್ಲಮ್ಮ ನಿನ್ ಗಾಡಿ,” ಅಂದರು. “ಎಷ್ಟು ಮರಿ ಮಾಡ್ತೈತೋ ನೋಡ್ಕ.”

ಕೊಲ್ಲಾಪುರಮ್ಮ ಬದುವಿನಿಂದ ಜೋಳದ ದಂಟೊಂದನ್ನು ಕಿತ್ತು ಕೊರಕಲಲ್ಲಿ ನಿಲ್ಲಿಸಿ, ದಿಣ್ಣೆಯ ನೆತ್ತಿಗೆ ಸರಿಯಾಗಿ ಮುರಿದಳು. ಮನೆಗೆ ತಂದು ಸೂರಿಗೆ ಸಿಕ್ಕಿಸಿದಳು.

ಮುಂದಿನ ಬೆಳೆ ಕೀಳುವ ಮೊದಲು ದೊಡ್ಡ ಟೈರು ನೋಡಲು ಹೊನ್ನಾಳಿಗೆ ಹೊರಟಳು. ಹೊಳೆಯ ಮರಳು ಹೊರುವ ಗಾಡಿಗಳಿಗೆ ಅಲ್ಲಿ ದಪ್ಪ ಟೈರು ಹಾಕುತ್ತಾರೆಂದು ಯಾರಿಂದಲೋ ಕೇಳಿದ್ದಳು. ನಾನೂ ಹಿಂದಿನ ತೊಟ್ಟಿಯಲ್ಲಿ ಕೂತೆ. ಅಂಗಡಿಯ ಬೆನಕಪ್ಪನವರು ಹನುಮಣ್ಣನನ್ನು ಅಳತೆ ಕೇಳುತ್ತಿದ್ದರೆ ಇವಳು ಬಗ್ಗಿ ಸೂರಿನಿಂದ ತಂದಿದ್ದ ದಂಟನ್ನು ಗಾಡಿಯ ಅಡಿಗೆ ನಿಲ್ಲಿಸಲು ನೋಡಿದಳು. ಹಿಂದಿನ ಅಚ್ಚಿನ ನಡುವೆ ಇರುವ ಉಬ್ಬಿಗೆ ತಾಗಿ ದಂಟು ಬಾಗಿತು.

“ಮೂರು ಬೆರಳು ಮೇಲೇಳ್ಬೇಕು ನೋಡ್ರಿ,” ಅಂದಳು.

ಬೆನಕಪ್ಪನವರಿಗೆ ನಗು. “ಯಜಮಾನ್ರೆ, ನಿಮ್ಮನೆಯವ್ರು ಎತ್ತು ಕೊಳ್ಳಾಕೆ ಬಂದಂಗೈತೆ.”

“ಎತ್ತಿಗೂ ಹಲ್ಲೇ ನೋಡೋದು, ಇದಕ್ಕೂ ಹಲ್ಲೇ ನೋಡ್ತೀನಿ. ಒಳಗಿರೋದು ತೆಗೀರಿ.”

ಒಳಗಿಂದ ಉರುಳಿ ಬಂದದ್ದು ಅಂಗೈಯಗಲ ಗಡ್ಡೆಗಡ್ಡೆ ಹಲ್ಲಿದ್ದ ಟೈರು. ಬೆನಕಪ್ಪನವರು ಮೋಸದವರಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರು. ಇದನ್ನು ಹಾಕಿದರೆ ಸ್ಟೇರಿಂಗು ಭಾರವಾಗುತ್ತದೆ, ಎಂಜಿನ್ನು ದಣಿಯುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಹನುಮಣ್ಣ ಒಂದೊಂದಕ್ಕೂ ತಲೆಯಾಡಿಸಿದ. ಹಳೆಯ ಅಳತೆಯದೇ ಸಾಕು ಅಂದ.

“ದಣಿದ್ರೆ ನಿಂತು ಸುಧಾರಿಸ್ಕಂತೈತೆ,” ಅಂದಳು ಕೊಲ್ಲಾಪುರಮ್ಮ. “ಹೊಟ್ಟೆ ನೆಲಕ್ಕೆ ತಾಗಿದ್ರೆ ಏಳಾಕೇ ಆಗಲ್ಲ. ನಾಲ್ಕೂ ಹಾಕ್ರಿ.”

ಕೀಳುವ ವಾರ ಎರಡು ದಿನ ಮಳೆ ಹಿಡಿಯಿತು. ಮೂರನೇ ದಿನ ರಸ್ತೆಯಲ್ಲಿ ಲಾರಿ ಬಂದು ನಿಂತಿತ್ತು. ಪಿಕಪ್ಪು ಜಾಡಿಗಿಳಿದು ದಿಣ್ಣೆಯನ್ನು ಮುಟ್ಟದೆ ದಾಟಿ ಹೊಲ ಸೇರಿತು. ಇಪ್ಪತ್ತು ಚೀಲ ಹೇರಿದೆವು. ನಾನು ಚೀಲದ ಮೇಲೆ ಕೂತೆ. ಅರ್ಧ ದಾರಿಗೆ ಮುಂದಿನ ಚಕ್ರ ತಿರುಗುವುದೇ ನಿಂತಿತು.

ಇಳಿದು ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರೆ ಮಣ್ಣು ಗಾರೆ ಹಾಕಿದಂತೆ ಬಿಗಿದಿತ್ತು. ಎತ್ತಿನ ಗಾಡಿಯ ಚಕ್ರಕ್ಕೆ ಎರೆ ಹೇಗೆ ಸುತ್ತುತ್ತದೆ ಅನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ, ಕೋಲು ಹಿಡಿದು ಕೆರೆಯುತ್ತಲೇ ನಡೆಯುವವರು ನಾವು. ಆದರೆ ಕಬ್ಬಿಣದ ಪಟ್ಟಿಗೆ ಹತ್ತುವ ಮಣ್ಣು ರಬ್ಬರಿಗೆ ಹತ್ತುವುದಿಲ್ಲ ಅಂತ ಕೇರಿಗೆ ಕೇರಿಯೇ ನಂಬಿತ್ತು. ಟೈರು ದೊಡ್ಡದಾದಷ್ಟೂ ಮೇಲಿನ ಸಂದು ಕಿರಿದಾಗಿತ್ತು, ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಬೊಟ್ಟು ಹಾಕಿ ಸಂದು ಕೆರೆದೆವು. ಹತ್ತು ಮಾರು ಹೋಗುವುದರೊಳಗೆ ಮತ್ತೆ ಬಿಗಿಯಿತು. ಮೋಡ ಕಟ್ಟುತ್ತಿತ್ತು, ಇನ್ನೂ ಏಳು ಮನೆಯವರ ಗುಡ್ಡೆಗಳು ಹೊಲದಲ್ಲಿದ್ದವು. ಚೀಲ ಇಳಿಸಿ ತಲೆಮೇಲೆ ಹೊರೋಣ, ನಾನು ಮೊದಲೇ ಹೇಳಿದ್ದೆ ಅಂತ ಹನುಮಣ್ಣ ಶುರುಮಾಡಿದ.

“ತಪ್ಪು ನಂದು, ಟೈರಿಂದಲ್ಲ,” ಅಂದಳು ಕೊಲ್ಲಾಪುರಮ್ಮ. “ಎತ್ತಿನ ಗಾಡಿಗೆ ಮಡ್‌ಗಾರ್ಡು ಐತಾ? ಬಿಚ್ಚಾಕ್ರಿ.”

“ಬಿಚ್ಚಿದ್ರೆ ಗಾಡಿ ಅಂದ ಏನಾಗ್ಬೇಕು?”

“ಅಂದ ನೋಡಾಕೆ ಇದೇನು ಮದುವಣಗಿತ್ತಿ ಅಲ್ಲ.”

ಸ್ಪ್ಯಾನರಿಗೆ ಬಂದ ಬೋಲ್ಟುಗಳನ್ನು ಹನುಮಣ್ಣ ಬಿಚ್ಚಿದ. ತುಕ್ಕು ಹಿಡಿದವಕ್ಕೆ ಅವಳೇ ಹಾರೆ ಕೊಟ್ಟು ಮೀಟಿದಳು. ನಾಲ್ಕೂ ತಗಡು ಬದುವಿನ ಮೇಲೆ ಬಿದ್ದವು. ಚಕ್ರ ಬೆತ್ತಲಾಯಿತು. ಗಾಡಿ ಹೊರಟಾಗ ಮಣ್ಣು ಟೈರಿಗೆ ಸುತ್ತಿ, ತಾನೇ ಹೆಂಟೆ ಹೆಂಟೆಯಾಗಿ ಕಿತ್ತು ಹಾರಿತು. ಹೆಚ್ಚಿನದೆಲ್ಲ ನನ್ನ ಸೀರೆಗೇ. ನಿಲ್ಲದೆ ರಸ್ತೆಗೆ ಏರಿದೆವು.

ಮಲ್ಲೇಶಪ್ಪನವರು ಅಡ್ಡ ಬಂದು, ಇಲ್ಲೇ ಇಳಿಸಿ, ಈ ಸಲ ಮಾತಾಡಿಕೊಂಡು ದರ ಮಾಡೋಣ ಅಂದರು. ಕೊಲ್ಲಾಪುರಮ್ಮ ಕೆಳಗಿಳಿಯಲೇ ಇಲ್ಲ.

“ದಾವಣಗೆರೆ ಮಂಡಿಗೆ ಹೊಂಟೀವಿ. ಇನ್ನೂ ಏಳು ಮನೇದು ಐತೆ, ಹೊತ್ತಾಗ್ತೈತೆ. ದಾರಿ ಬಿಡ್ರಿ.”

“ಹಿಂಗೆ ಬೋಳು ಗಾಡಿ ತಗಂಡು ಹೋದ್ರೆ ಪೊಲೀಸ್ರು ಹಿಡೀತಾರಮ್ಮ.”

“ಹಿಡೀಲಿ. ಠಾಣೆ ಮುಂದೆ ಕುಂತು ಅಲ್ಲೇ ಮಾರ್ತೀವಿ.”

ಅವರು ಸರಿದು ನಿಂತರು. ಬೆನಕಪ್ಪನವರು ಹೇಳಿದ್ದು ಸುಳ್ಳಲ್ಲ, ಸ್ಟೇರಿಂಗು ಕಲ್ಲಿನಷ್ಟು ಭಾರ. ತಿರುವು ಬಂದಾಗ ಹನುಮಣ್ಣನೊಬ್ಬನ ಕೈ ಸಾಲುತ್ತಿರಲಿಲ್ಲ, ಪಕ್ಕದಿಂದ ಅವಳೂ ಹಿಡಿದು ಎಳೆಯುತ್ತಿದ್ದಳು. ಸ್ವಲ್ಪ ದೂರಕ್ಕೆ ಹಿಂದಿನಿಂದ ಹಾರ್ನು ಕೇಳಿತು. ಮಲ್ಲೇಶಪ್ಪನವರ ಲಾರಿ, ತೊಟ್ಟಿ ಖಾಲಿ, ಅವಸರ ಜಾಸ್ತಿ. ಹನುಮಣ್ಣ ದಾರಿ ಕೊಡಲು ಪಕ್ಕಕ್ಕೆ ತಿರುಗಿಸಹೋದ. ಅವಳು ಸ್ಟೇರಿಂಗಿನ ಮೇಲಿದ್ದ ಕೈಯನ್ನು ಸಡಿಲ ಬಿಡಲಿಲ್ಲ. ಗಾಡಿ ರಸ್ತೆಯ ನಡುವೆಯೇ ಹೋಯಿತು.