ನಿಲ್ಲಿಸಿದವರೇ ಚಾಲೂ ಮಾಡಬೇಕು

ಕಮಲಾಪುರದ ನಮ್ಮ ಬಾಳೆ ತೋಟದ ಬಾವಿ ಎರಡು ಮನೆಗಳದ್ದು. ಒಂದು ನನ್ನ ಕಾಕಾನ ಮನೆ, ಇನ್ನೊಂದು ಕಲಬುರಗಿಯ ಬ್ರಹ್ಮಪುರದಲ್ಲಿರುವ ಅತ್ತೆಯ ಮನೆ. ಮೋಟರ್ ಮಾತ್ರ ಒಂದೇ. ಹೋದ ವರ್ಷ ನಾನೂ ಅತ್ತೆಯ ಮಗಳೂ ಸೇರಿ ಅದನ್ನು ಫೋನಿಗೆ ಜೋಡಿಸಿದೆವು. ಮನೆಗೊಂದು ಏಜೆಂಟ್. ಕರೆಂಟ್ ಬಂದದ್ದನ್ನೂ ಮಣ್ಣಿನ ತೇವವನ್ನೂ ನೋಡಿ, ಯಾರನ್ನೂ ಕೇಳದೆ ತನ್ನ ಪಾಳಿಯಲ್ಲಿ ನೀರು ಬಿಡುವ ತಂತ್ರಾಂಶ ಅದು. ಎರಡೂ ಏಜೆಂಟುಗಳ ಸಂದೇಶ ನಮ್ಮಿಬ್ಬರ ಫೋನಿಗೂ ಬರುತ್ತದೆ.

ಆ ಭಾನುವಾರ ನೀರಿನಲ್ಲಿ ಮುಳುಗಿದ ಮೋಟರಿನ ಜಾಳಿಗೆಗೆ ಕಸ ಕಟ್ಟಿ ನೀರು ಏರುತ್ತಿರಲಿಲ್ಲ. ಕಾಕಾ ಬಾವಿಗಿಳಿಯಲು ಸಜ್ಜಾದರು. ನಾನು ನಮ್ಮ ಏಜೆಂಟಿಗೆ ಮೋಟರ್ ನಿಲ್ಲಿಸಲು ಹೇಳಿ, ಫ್ಯೂಸ್ ಕೀಳುವ ಅಗತ್ಯವಿಲ್ಲ ಎಂದೆ. ಅವರು ನಕ್ಕು ಮೂರೂ ಫ್ಯೂಸ್ ಕಿತ್ತು ನನ್ನ ಕೈಯಲ್ಲಿಟ್ಟರು.

"ಕೆಳಗ ಇಡಬ್ಯಾಡ. ನಾ ಮ್ಯಾಲ ಬಂದು ಕೇಳೋತನಕ ಯಾರಿಗೂ ಕೊಡಬ್ಯಾಡ. ನಿಮ್ಮಪ್ಪ ಬಂದು ಕೇಳಿದ್ರೂ ಅಷ್ಟs."

ಅವರು ಎದೆಮಟ್ಟದ ನೀರಿನಲ್ಲಿದ್ದಾಗ ಫೋನ್ ಸದ್ದು ಮಾಡಿತು. ಅತ್ತೆಯ ಮನೆಯ ಏಜೆಂಟ್ ಮೋಟರ್ ಚಾಲೂ ಮಾಡಲು ನೋಡಿತ್ತು. ಕರೆಂಟ್ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸುತ್ತೇನೆ ಎಂದು ಬರೆದಿತ್ತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮೋಟರಿನ ವೈರಿಗೆ ಎರಡು ಕಡೆ ಟೇಪ್ ಸುತ್ತಿದ್ದು ನನಗೆ ಗೊತ್ತಿತ್ತು. ನನ್ನ ಮಾತು ಕೇಳಿ ಕಾಕಾ ಫ್ಯೂಸ್ ಬಿಟ್ಟಿದ್ದರೆ ಆ ನೀರಿಗೆಲ್ಲ ಕರೆಂಟ್ ಹರಿಯುತ್ತಿತ್ತು. ಈಗಲೂ ತರಗತಿಯಲ್ಲಿ ಪಾಠ ಮಾಡುವಾಗ ಒಮ್ಮೊಮ್ಮೆ ಆ ಸದ್ದು ಕೇಳಿಸಿದಂತಾಗಿ ಮಾತು ನಿಲ್ಲುತ್ತದೆ.

ಕಾಕಾ ಮೇಲೆ ಬಂದು ಕೂತ ಮೇಲೆಯೇ ಬ್ರಹ್ಮಪುರಕ್ಕೆ ಫೋನ್ ಮಾಡಿದೆ. ಅತ್ತೆಯ ಮಗಳೇ ಎತ್ತಿದಳು.

"ಪಾಳಿ ಖಾಲಿ ಬಿಡಬ್ಯಾಡ ಅಂತ ಏಜೆಂಟಿಗೆ ನಾನs ಹೇಳಿದ್ದೆ ಅಕ್ಕಾ. ನೀವು ನಿಲ್ಲಿಸಿದ್ದಕ್ಕ, ಪಾಳಿ ಬಿಟ್ಟುಕೊಟ್ಟಾರ ಅಂತ ತಿಳ್ಕೊಂಡದ ಅದು."

ಏಜೆಂಟನ್ನೇ ಕಿತ್ತು ಹಾಕೋಣ ಎಂದೆ. ಕಾಕಾ ತಲೆ ಒರೆಸಿಕೊಳ್ಳುತ್ತ ಬೇಡವೆಂದರು. "ಯಾಕ ನಿಂತದ ಅಂತ ಕೇಳಲಾರದ ಚಾಲೂ ಮಾಡೋದು ಮನುಷ್ಯಾರೂ ಮಾಡ್ತಾರ. ನಮಗಿದ್ದ ಕಾಯ್ದೆ ಅದಕ್ಕೂ ಹಾಕ್ರಿ."

ಅಂದೇ ಎರಡೂ ಏಜೆಂಟುಗಳಿಗೆ ನಿಯಮ ಬರೆದೆವು: ಒಬ್ಬರು ನಿಲ್ಲಿಸಿದ್ದನ್ನು ಇನ್ನೊಬ್ಬರು ಚಾಲೂ ಮಾಡಬಾರದು, ನಿಲ್ಲಿಸಿದವರು ಹೇಳುವವರೆಗೆ, ಪಾಳಿ ತಪ್ಪಿದರೂ, ಕಾಯಬೇಕು.

ಜಾಳಿಗೆಗೆ ಮತ್ತೆ ಕಸ ಕಟ್ಟಿದಾಗ ನಾನು ಏಜೆಂಟಿಗೆ ಹೇಳಿ ಮೋಟರ್ ನಿಲ್ಲಿಸಿದೆ, ಕಾಕಾ ಮತ್ತೆ ಇಳಿದರು. ಫ್ಯೂಸ್ ಕಿತ್ತೇ ಇಳಿದರು. ಅತ್ತೆಯ ಮನೆಯ ಪಾಳಿಯ ಹೊತ್ತಾಯಿತು. ಫೋನ್ ನೋಡಿದೆ. "ನೀವು ನಿಲ್ಲಿಸಿದ್ದೀರಿ. ನೀವು ಹೇಳುವವರೆಗೆ ಕಾಯುತ್ತೇನೆ" ಎಂದಿತ್ತು ಅವರ ಏಜೆಂಟ್. ಕಣ್ಣು ತುಂಬಿತು. ಕೆಳಗಿನಿಂದ ಕಾಕಾ, ಕಸದ ಬುಟ್ಟಿ ತುಂಬಿದೆ, ಹಗ್ಗ ಎಳೆ ಎಂದು ಕೂಗುತ್ತಿದ್ದರು.