ಡೈರಿ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿಸಿದ್ದು

ಆಗ ನನಗೆ ಅರವತ್ತೇಳು. ಅದಾಗಿ ಇನ್ನೂ ಒಂದು ವರ್ಷ ತುಂಬಿಲ್ಲ. ಹಲಗೂರಿನಿಂದ ಒಳಗಿರುವ ನಮ್ಮ ಊರಿನ ಹೆಂಗಸರ ಡೈರಿಗೆ ನಾನು ಅಧ್ಯಕ್ಷೆ. ಓದಿದ್ದು ಎರಡನೇ ಕ್ಲಾಸು.

ಡೈರಿಯ ಕಂಪ್ಯೂಟರಿನ ಮೇಲೆ ದಿನಾ ಒಂದು ನೋಟೀಸು ಬರತೊಡಗಿತ್ತು. ಒಳಗಿನ ಸಿಸ್ಟಮ್ ಹಳೆಯದಾಯಿತು, ಇನ್ನು ಮುಂದೆ ಕಂಪನಿಯವರು ಅದನ್ನು ನೋಡಿಕೊಳ್ಳುವುದಿಲ್ಲ, ಹೊಸದು ಹಾಕಿಸಿಕೊಳ್ಳಿ ಅಂತ. ಓದಿ ಹೇಳಿದವಳು ನಮ್ಮ ಸೆಕ್ರೆಟರಿ. ಊರಿನ ಸೊಸೆ, ಆ ಕಂಪ್ಯೂಟರಿನ ಮುಂದೆ ಒಂಬತ್ತು ವರ್ಷ ಕೂತವಳು. ಹಾಕಿಸಬೇಕಾದರೆ ನನ್ನ ಸಹಿ ಬೇಕು.

ಹಾಲು ಪರೀಕ್ಷೆ ಮಾಡುವ ಮೆಷಿನ್ನಿನ ವೈರು ಸೇರಿರುವುದು ಆ ಕಂಪ್ಯೂಟರಿಗೇ. ಬೆಳಿಗ್ಗೆ ಆರಕ್ಕೆ ಹೆಂಗಸರು ಕ್ಯಾನು ಹಿಡಿದು ನಿಲ್ಲುತ್ತಾರೆ, ಏಳೂವರೆಗೆ ಹಾಲಿನ ಗಾಡಿ ಹೊರಡುತ್ತದೆ. ಅಷ್ಟರಲ್ಲಿ ಕಂಪ್ಯೂಟರು ಏಳದಿದ್ದರೆ ಊರಿನ ಹಾಲೆಲ್ಲ ಒಡೆದು ಚರಂಡಿಗೆ.

ತಿಳಿದವರನ್ನು ಕೇಳೋಣ ಎಂದರು ಕಮಿಟಿಯವರು. ಮಂಡ್ಯದಿಂದ ಕಂಪ್ಯೂಟರ್ ಅಂಗಡಿಯವನು ಬಂದ. ಹಳೆಯದನ್ನೇ ಇಟ್ಟುಕೊಂಡರೆ ಕಳ್ಳರು ಇಂಟರ್ನೆಟ್ಟಿನ ವೈರಿನೊಳಗಿಂದಲೇ ನುಗ್ಗುತ್ತಾರೆ, ನಾಳೆಯೇ ಹಾಕಿಸಿ ಎಂದ. ಗುತ್ತಲಿನಲ್ಲಿರುವ ನನ್ನ ತಮ್ಮನ ಅಳಿಯ ಆಫೀಸೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವವನು. ಓಡುತ್ತಿರುವುದನ್ನು ಮುಟ್ಟಬೇಡಿ, ಹೊಸ ಸಿಸ್ಟಮ್ಮಿಗೆ ಹಳೆ ಮೆಷಿನ್ನಿನ ಗುರುತು ಹತ್ತುವುದಿಲ್ಲ ಎಂದ. ಹಾಲಿನ ಮೆಷಿನ್ ಮಾರಿದ ಮದ್ದೂರಿನವನು ಫೋನಿನಲ್ಲೇ, ಏನೂ ಆಗಲ್ಲ ಹಾಕಿಸಿ ಎಂದ. ಮೂವರನ್ನೂ ನಾನು ಕೇಳಿದ್ದು ಒಂದೇ.

“ಬೆಳಿಗ್ಗೆ ಆರ್‌ಗಂಟ್ಗೆ ಕೆಟ್ಟು ನಿಂತ್ರೆ ನೀನು ಬತ್ತೀಯೇನಪ್ಪ?”

ಅಂಗಡಿಯವನು ಬಾಗಿಲು ತೆಗೆಯುವುದೇ ಹತ್ತಕ್ಕಂತೆ. ಅಳಿಯನಿಗೆ ಆಫೀಸು. ಮದ್ದೂರಿನವನು, ಕಂಪ್ಲೇಂಟ್ ಬರೆಸಿ, ಎರಡು ದಿನದಲ್ಲಿ ಬರುತ್ತೇವೆ ಎಂದ.

ಸೆಕ್ರೆಟರಿ ಅಷ್ಟು ಹೊತ್ತೂ ಮೂಲೆಯಲ್ಲಿ ಕ್ಯಾನು ತೊಳೆಯುತ್ತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅದು ತಪ್ಪೇ. ನೀನೇನಂತೀಯೆ ಎಂದೆ.

“ಆಕುಸ್ಬುಡಿ ಕಣತ್ತೆ. ಈಗ್ಲೇ ವಾರಕ್ಕೆ ಎಲ್ಡು ಸಲ ನಿಂತೋಯ್ತದೆ. ಒಳಗಿರೋದ್ನೆಲ್ಲ ಬ್ಯಾರೆ ಕಡೆ ಕಾಪಿ ಮಾಡಿ ಮಡಗಿವ್ನಿ.”

“ಮೆಷಿನ್ನು ಕೆಲ್ಸ ಮಾಡ್ದೆ ಓದ್ರೆ?”

“ಅಳೇ ಲ್ಯಾಕ್ಟೋಮೀಟ್ರು ಬೀರೂಲಿ ಅದೆ. ಆಲ್ಗೆ ಅದ್ದಿ ಡಿಗ್ರಿ ನೋಡಿ ಬುಕ್ಕಲ್ಲಿ ಬರ್ಕೊಂಡು, ಫ್ಯಾಟು ಆಮೇಲೆ ನೋಡಕ್ಕೆ ಒಬ್ಬೊಬ್ರುದೂ ಸ್ಯಾಂಪಲ್ ತೆಗ್ದು ಮಡಿಕ್ಕೊಂಡು, ಆಲ್ನ ಗಾಡಿಗೆ ಏರುಸ್ತೀನಿ. ಬೆಳಿಗ್ಗೆ ಇಲ್ಲಿರೋಳು ನಾನೇ ತಾನೆ.”

ಸಹಿ ಹಾಕಿದೆ. ಕಮಿಟಿಯ ಒಬ್ಬಳಿಗೆ ಇದು ಸರಿಬರಲಿಲ್ಲ.

“ಓದ್ದೋರ್ನ ಬುಟ್ಟು ಕ್ಯಾನ್ ತೊಳ್ಯೋಳ್ ಮಾತ್ಗೆ ಸೈ ಆಕ್ದಲ್ಲಕ್ಕ, ಆಲು ಒಡುದ್ರೆ ಯಾರ್ ಮನೆ ಬಾಗ್ಲಿಗೆ ಸುರೀಬೇಕು?”

“ನಮ್ಮನೆ ಬಾಗ್ಲಿಗೇ ತಂದ್ ಸುರಿ” ಎಂದೆ.

ಒಂದು ಸಂಜೆ ಹಾಲು ಅಳೆದು ಮುಗಿದ ಮೇಲೆ ಮಂಡ್ಯದವನು ಬಂದು ಹೊಸದನ್ನು ಹಾಕಿದ. ಮೆಷಿನ್ ಜೋಡಿಸಿ ನೋಡೋಣವೆಂದರೆ ಹಾಲೇ ಉಳಿದಿರಲಿಲ್ಲ. ಬೆಳಿಗ್ಗೆ ನೋಡಿಕೊಳ್ಳಿ ಎಂದು ಬೈಕು ಹತ್ತಿದ.

ಮಾರನೆಯ ಬೆಳಿಗ್ಗೆ ಐದಕ್ಕೇ ಹಸು ಕರೆದು, ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಕೆಟ್ಟರೆ ಮೊದಲು ನನ್ನದೇ ಕೆಡಲಿ ಅಂತ. ಸೆಕ್ರೆಟರಿ ಮೆಷಿನ್ನಿಗೆ ನನ್ನ ಹಾಲು ಇಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಫ್ಯಾಟು ಬಂತು, ಡಿಗ್ರಿ ಬಂತು. ಹೆಸರಿರುವ ಜಾಗದಲ್ಲಿ ಮಾತ್ರ ಕನ್ನಡ ಅಕ್ಷರದ ಬದಲು ಬರೀ ಚೌಕಗಳು. ನಂಬರು ಸರಿಯಿದೆ, ಸಾಕು, ಮುಂದಿನವರನ್ನು ಕರಿ ಎಂದೆ. ಗಾಡಿ ಹೊರಡುವವರೆಗೂ ಬಾಗಿಲಲ್ಲೇ ನಿಂತಿದ್ದು, ಹುಲ್ಲು ಕುಯ್ಯಲು ಗದ್ದೆಗೆ ಹೋದೆ.