ಚಾನೆಲ್‌ಗೆ ಕಳಿಸಿದ ಫೋಟೋ

ಮನೆಯ ಕೆಳಗಿನ ಮಹಡಿಯನ್ನು ಸೀರಿಯಲ್ ಶೂಟಿಂಗಿಗೆ ಬಾಡಿಗೆಗೆ ಕೊಡೋಣ ಎಂದು ನನ್ನ ಗಂಡ ಹೇಳಿದಾಗ ನಾನು ಮೊದಲು ಕೇಳಿದ್ದು ಕಥೆ ಏನೆಂದು. "ಕಪ್ಪಗಿರೋ ಹುಡುಗಿ ಕಥೆಯಂತೆ" ಎಂದರು. ಆಗಲೇ ನನಗೆ ಅನುಮಾನ ಬಂತು. ನಾನು ಕಪ್ಪಗಿದ್ದೇನೆ, ನನ್ನ ಮಗಳು ನನಗಿಂತ ಒಂದು ಕೈ ಮೇಲೆಯೇ. ನಮ್ಮಂಥವರ ಕಥೆಯನ್ನು ನಮ್ಮ ಮನೆಗೇ ಬಂದು ಇನ್ಯಾರೋ ಹೇಳುತ್ತಾರೆಂದರೆ ಅದರಲ್ಲಿ ಏನೋ ಮಸಲತ್ತು ಇರಲೇಬೇಕು.

ನಮ್ಮದು ಸಾರಕ್ಕಿಯ ಹಳೇ ಊರಿನೊಳಗಿನ ಮನೆ. ಮಾವನವರು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದಿದೆ. ಕೆಳಗಡೆ ಇದ್ದ ಬಾಡಿಗೆಯವರು ಖಾಲಿ ಮಾಡಿ ಹೋಗಿದ್ದರು. ಶೂಟಿಂಗಿನವರು ಬಂದ ಮೊದಲ ದಿನವೇ ಅಡುಗೆಮನೆಯ ಗೋಡೆಗೆ ಮಸಿ ಬಣ್ಣ ಹೊಡೆದರು. ಬಡವರ ಮನೆ ಇಷ್ಟು ನೀಟಾಗಿ ಇರುವುದಿಲ್ಲವಂತೆ. ನಾನು ಕೆಳಗಿನ ದೇವರ ಕೋಣೆಗೆ ಬೀಗ ಹಾಕಿ, ಅಲ್ಲಿ ಇಟ್ಟಿದ್ದ ನನ್ನ ದೊಡ್ಡ ಕುಕ್ಕರನ್ನೂ ಮೇಲಿನ ನಮ್ಮ ಮನೆಗೆ ಸಾಗಿಸಿದೆ. ನನ್ನ ಗಂಡ, "ನಿಂಗೆ ಉಸಿರಾಡೋ ಗಾಳಿ ಮೇಲೂ ಅನುಮಾನ" ಎಂದರು. ಇರಲಿ, ಅನುಮಾನದಿಂದ ನಾನು ಯಾವತ್ತೂ ಮೋಸ ಹೋಗಿರಲಿಲ್ಲ.

ಎರಡನೇ ದಿನ ನಾಯಕಿ ಬಂದಳು. ಕಾರಿನಿಂದ ಇಳಿದಾಗ ಹಾಲಿನಂತೆ ಇದ್ದಳು. ಮೇಕಪ್ ಅಣ್ಣ ಅವಳನ್ನು ನಮ್ಮ ಹಿತ್ತಲಿನಲ್ಲಿ ಕುರ್ಚಿ ಹಾಕಿ ಕೂರಿಸಿ ಮುಖ, ಕುತ್ತಿಗೆ, ಕಿವಿಯ ಹಿಂದೆ, ಮೊಣಕೈವರೆಗೆ ಕಂದು ಬಣ್ಣ ಹಚ್ಚಿದ. ಅದಕ್ಕೆ ಅವರು ಡಸ್ಕಿ ಲುಕ್ ಅನ್ನುತ್ತಿದ್ದರು. ಕಪ್ಪು ಅನ್ನುವುದಕ್ಕೆ ಅವರಿಗೇ ನಾಚಿಕೆ. ಅಂಗೈಗೆ ಮಾತ್ರ ಹಚ್ಚುತ್ತಿರಲಿಲ್ಲ. ಪಾಪ, ಒಳ್ಳೆಯ ಹುಡುಗಿಯೇ, ನನ್ನ ಗೋಡೆಗೆ ಬಣ್ಣ ತಾಗೀತೆಂದು ಒರಗದೆ ನೆಟ್ಟಗೆ ಕೂರುತ್ತಿದ್ದಳು. ಆದರೆ ಕರ್ನಾಟಕದಲ್ಲಿ ಕಪ್ಪಗಿರುವ ಹುಡುಗಿಯರಿಗೆ ಬರಗಾಲ ಬಂದಿತ್ತೇ ಎಂದು ನಾನು ಕಂಡವರನ್ನೆಲ್ಲ ಕೇಳಿದೆ.

ಕಥೆಯನ್ನಾದರೂ ನೋಡೋಣವೆಂದರೆ ಅದು ಇನ್ನೂ ಮೋಸ. ಸೀರಿಯಲ್ಲಿನಲ್ಲಿ ಕಪ್ಪಗಿರುವವಳು ಒಳ್ಳೆಯವಳಾಗಿಯೇ ಇರಬೇಕು. ಅವಳಿಗೆ ಸಿಟ್ಟು ಬರುವಂತಿಲ್ಲ, ಸೋಮಾರಿಯಾಗುವಂತಿಲ್ಲ, ಪಕ್ಕದ ಮನೆಯವರ ಮೇಲೆ ಚಾಡಿ ಹೇಳುವಂತಿಲ್ಲ. ಬೆಳಿಗ್ಗೆ ಎದ್ದು ಬೈಸಿಕೊಂಡು ದೇವರ ಮುಂದೆ ಅಳಬೇಕು. ನಾನು ಇಷ್ಟು ವರ್ಷ ಕಪ್ಪಗಿದ್ದೇನೆ, ಒಂದು ದಿನವೂ ಅಷ್ಟು ಒಳ್ಳೆಯವಳಾಗಿರಲಿಲ್ಲ. ಇನ್ನು ಬಣ್ಣ ಹಚ್ಚದೆ ತೋರಿಸುವ ಕಪ್ಪು ಮುಖಗಳು ಯಾರವು? ಕಳ್ಳ, ರೌಡಿ, ಮನೆಗೆಲಸದವಳು. ಅವರ ಹತ್ತಿರಕ್ಕೂ ಕ್ಯಾಮೆರಾ ಬರುವುದಿಲ್ಲ.

ನನ್ನ ಮಗಳು ಜೆ.ಪಿ. ನಗರದ ಒಂದು ಮಾಂಟೆಸ್ಸರಿಯಲ್ಲಿ ಪಾಠ ಹೇಳುತ್ತಾಳೆ. ಭಾನುವಾರ ಜಯನಗರದಲ್ಲಿ ನಾಟಕದ ತಂಡವೊಂದಕ್ಕೆ ಹೋಗುತ್ತಿದ್ದಳು. ರಜೆಯ ದಿನ ಮೆಟ್ಟಿಲ ಮೇಲೆ ಕೂತು ಶೂಟಿಂಗ್ ನೋಡುವುದು ಅವಳಿಗೆ ಅಭ್ಯಾಸವಾಯಿತು. ಅಷ್ಟರಲ್ಲಿ ನಾಯಕಿಯ ತಂಗಿಯ ಪಾತ್ರ ಮಾಡುತ್ತಿದ್ದವಳು ಬೇರೆ ಸೀರಿಯಲ್ ಸಿಕ್ಕಿತೆಂದು ಬಿಟ್ಟುಹೋದಳು. ತಂಗಿಯೂ ಕಪ್ಪಗಿರಬೇಕಿತ್ತು, ಜೊತೆಗೆ ಬಾಯಿ ಜೋರು. ಒಂದು ಶನಿವಾರ ಡೈರೆಕ್ಟರು ಮೆಟ್ಟಿಲ ಮೇಲಿದ್ದ ನನ್ನ ಮಗಳ ಕೈಗೆ ನಾಲ್ಕು ಹಾಳೆ ಕೊಟ್ಟು ಓದು ಎಂದರು.

ನಾನು ಕೆಳಗಿನ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅಕ್ಕನನ್ನು ಬಣ್ಣಕ್ಕಾಗಿ ಬೇಡವೆಂದವರಿಗೆ ತಂಗಿ ಬೈಯುವ ಮಾತುಗಳು. ಎರಡನೇ ಹಾಳೆಗೆ ಬರುವಷ್ಟರಲ್ಲಿ ಅವಳು ಕಾಗದ ನೋಡುವುದನ್ನೇ ಬಿಟ್ಟಿದ್ದಳು. ಅವಳಿಗೆ ಅಷ್ಟು ಸಿಟ್ಟಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಲೈಟಿನವರು ಟೀ ಕುಡಿಯುವುದು ನಿಲ್ಲಿಸಿ ನೋಡುತ್ತಿದ್ದರು.

"ಸಖತ್ತಾಗಿ ಮಾಡ್ದೆ ಕಣಮ್ಮ. ನಂಗೆ ಓಕೆ. ಚಾನೆಲ್‌ನೋರು ಒಪ್ಬೇಕು ಅಷ್ಟೆ" ಎಂದರು ಡೈರೆಕ್ಟರು.

ಆ ಸಂಜೆ ಅವಳು ನನ್ನ ಪಕ್ಕ ಬಂದು ಕೂತು, "ಅಮ್ಮ, ನಂಗೆ ಇದು ಬೇಕು" ಎಂದಳು. ಚಿಕ್ಕವಳಿದ್ದಾಗಲೂ ಅದು ಬೇಕು, ಇದು ಬೇಕು ಎಂದು ಹಟ ಹಿಡಿದವಳಲ್ಲ.

ಸೋಮವಾರ ಬೆಳಿಗ್ಗೆ ಅವಳು ಸ್ಕೂಲಿಗೆ ಹೋದ ಮೇಲೆ ಶೂಟಿಂಗಿನ ಮ್ಯಾನೇಜರ್ ಓಡಿ ಬಂದ. "ಮೇಡಂ, ಮಗಳ ಫೋಟೋ ಒಂದು ಅರ್ಜೆಂಟಾಗಿ ವಾಟ್ಸಾಪ್ ಮಾಡಿ. ಹನ್ನೊಂದಕ್ಕೆ ಚಾನೆಲ್ ಮೀಟಿಂಗ್ ಇದೆ."

ನನ್ನ ಫೋನಿನಲ್ಲಿ ಎರಡು ಒಳ್ಳೆಯ ಫೋಟೋ ಇದ್ದವು. ಒಂದು ಯುಗಾದಿಯ ದಿನ ಟೆರೇಸಿನಲ್ಲಿ ತೆಗೆದದ್ದು. ತಲೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು, ಯಾವುದಕ್ಕೋ ನಗುತ್ತಿದ್ದಾಳೆ, ಬಿಸಿಲಿಗೆ ಇನ್ನಷ್ಟು ಕಪ್ಪಗೆ ಕಾಣುತ್ತಾಳೆ. ಇನ್ನೊಂದು, ಅವಳ ಮದುವೆ ಮಾತುಕತೆಗೆಂದು ಜಯನಗರ ಫೋರ್ತ್ ಬ್ಲಾಕಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ನಾನು ಟೆರೇಸಿನದನ್ನು ಒತ್ತಲು ಹೋಗಿ ನಿಲ್ಲಿಸಿದೆ. ಇವರ ಆಟ ನನಗೆ ಗೊತ್ತಿಲ್ಲವೇ? ಕಪ್ಪು ಹುಡುಗಿ ಬೇಕು ಅನ್ನುತ್ತಾರೆ, ಬೆಳ್ಳಗಿರುವವಳನ್ನು ಆರಿಸಿ ಬಣ್ಣ ಹಚ್ಚುತ್ತಾರೆ. ನನ್ನ ಹಿತ್ತಲಿನಲ್ಲೇ ದಿನಾ ನೋಡುತ್ತಿದ್ದೆ. ಟೆರೇಸಿನ ಫೋಟೋ ಹೋದರೆ ಬಾಗಿಲಲ್ಲೇ ತಿರಸ್ಕಾರ. ಮೊದಲು ಒಳಗೆ ಹೋಗಲಿ, ಆಮೇಲಿನದು ಆಮೇಲೆ. ಸ್ಟುಡಿಯೋದ್ದನ್ನೇ ಕಳಿಸಿದೆ. ಅವನು ನೋಡಿದನೋ ಇಲ್ಲವೋ, ಹಾಗೇ ಮುಂದೆ ದಾಟಿಸಿದ.

ಮಧ್ಯಾಹ್ನ ಮಗಳು ಫೋನ್ ಮಾಡಿ ಯಾವುದು ಕಳಿಸಿದೆ ಎಂದು ಕೇಳಿದಳು. "ಚೆನ್ನಾಗಿರೋದೇ ಕಳ್ಸಿದೀನಿ ಬಿಡು" ಎಂದೆ.

ಗುರುವಾರ ಮ್ಯಾನೇಜರ್ ತಲೆ ಕೆರೆದುಕೊಂಡು ಬಂದು, ಚಾನೆಲ್‌ನವರು ಬೇರೆಯವರನ್ನು ಫಿಕ್ಸ್ ಮಾಡಿದ್ದಾರೆ ಎಂದ. ಕಾರಣ ಹೇಳಲಿಲ್ಲ. ನನಗೆ ಅವನಿಂದ ಕಾರಣ ಬೇಕಾಗಿಯೂ ಇರಲಿಲ್ಲ.

"ನಾನ್ ಹೇಳ್ಲಿಲ್ವಾ? ಬಣ್ಣ ನೋಡಿ ಬೇಡ ಅಂದಿರ್ತಾರೆ" ಎಂದು ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನ್ನ ಅನುಮಾನ ನಿಜವಾಯಿತಲ್ಲ ಎಂದು ನನಗೆ ಒಳಗೊಳಗೇ ಒಂದು ಸಮಾಧಾನವಿತ್ತು.

ಮುಂದಿನ ಶನಿವಾರ ಹೊಸ ಹುಡುಗಿ ಬಂದಳು. ಚಾಮರಾಜನಗರದ ಕಡೆಯವಳಂತೆ. ನನ್ನ ಮಗಳಿಗಿಂತಲೂ ಕಪ್ಪು. ಮೇಕಪ್ ಅಣ್ಣ ಅವಳಿಗೆ ಒಂದಿಷ್ಟು ಪೌಡರ್ ಹಾಕಿ ಕಳಿಸಿಬಿಟ್ಟ. ಮಗಳು ಮೆಟ್ಟಿಲ ಮೇಲಿನಿಂದ ನೋಡಿ ಎದ್ದು ಒಳಗೆ ಬಂದಳು.

"ಬಣ್ಣ ಅಲ್ಲಮ್ಮ. ನಂಗೆ ಆಕ್ಟಿಂಗ್ ಬರಲ್ಲ, ಅಷ್ಟೆ. ಸುಮ್ನೆ ಏನೋ ಅಂದ್ಕೊಂಡಿದ್ದೆ."

ಆ ಭಾನುವಾರ ಅವಳು ನಾಟಕದ ತಂಡಕ್ಕೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ತಂಡದವರು ಫೋನ್ ಮಾಡಿದರೆ ಸ್ಕೂಲಿನಲ್ಲಿ ಕೆಲಸ ಜಾಸ್ತಿ ಅನ್ನುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಮೇಕಪ್ ಅಣ್ಣನಿಗೆ ಕಾಫಿ ಕೊಟ್ಟು, ನನ್ನ ಮಗಳಲ್ಲಿ ಏನು ಕಮ್ಮಿ ಇತ್ತಪ್ಪ ಎಂದು ಕೇಳಿದೆ. ಅವನು ಆ ಕಡೆ ಈ ಕಡೆ ನೋಡಿದ.

"ಅಮ್ಮಾ, ಚಾನೆಲ್ ಮೇಡಂ ಫೋಟೋ ನೋಡಿ ನಕ್ಬಿಟ್ರಂತೆ. ಹೀರೋಯಿನ್‌ಗೇ ಬಣ್ಣ ಹಚ್ಚೋಕೆ ಒಂದೂವರೆ ಗಂಟೆ ಹೋಗತ್ತೆ, ಈ ಬೆಳ್ಳಗಿರೋ ಹುಡುಗಿಗೂ ಹಚ್ತಾ ಕೂತ್ರೆ ಶೂಟಿಂಗ್ ಮಾಡೋದ್ ಯಾವಾಗ, ತಂಗಿಗಾದ್ರೂ ಒರಿಜಿನಲ್ ಕಪ್ಪಗಿರೋರನ್ನ ತನ್ನಿ ಅಂದ್ರಂತೆ. ಡೈರೆಕ್ಟ್ರು ಇಲ್ಲಿದ್ರು. ಅವ್ರಿಗೆ ಗೊತ್ತಾಗೋಷ್ಟ್ರಲ್ಲಿ ಈ ಹೊಸ ಹುಡುಗಿ ಅಗ್ರಿಮೆಂಟ್‌ಗೆ ಸೈನ್ ಮಾಡ್ಬಿಟ್ಟಿದ್ಳು. ನೀವ್ ಯಾವ ಫೋಟೋ ಕಳ್ಸಿದ್ರಿ?"

ಅವರ ಬಗ್ಗೆ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಕಪ್ಪು ಮೈಯನ್ನು ಅವರು ಒಪ್ಪಿದ್ದು ಟೈಮ್ ಉಳಿಯಲಿ ಎಂದು, ನ್ಯಾಯಕ್ಕಾಗಿ ಅಲ್ಲ. ಆದರೆ ಅದನ್ನು ಹಿಡಿದುಕೊಂಡು ನಾನು ಏನು ಮಾಡಲಿ? ಮಗಳ ಪಾತ್ರ ಹೋಗಿದ್ದು ನನ್ನ ಕೈಯಿಂದ. ಮೂರು ದಿನ ಬಾಯಿ ಬಿಡಲಿಲ್ಲ. ಹೇಳದಿದ್ದರೆ ಅವಳಿಗೆ ಗೊತ್ತಾಗುವುದೇ ಇಲ್ಲ. ಆದರೆ ತನಗೆ ಬರುವುದಿಲ್ಲ ಎಂದು ನಂಬಿಕೊಂಡು ಅವಳು ಓಡಾಡುವುದನ್ನು ನೋಡಲಾಗುತ್ತಿರಲಿಲ್ಲ.

ನಾಲ್ಕನೇ ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಎಲ್ಲ ಹೇಳಿಬಿಟ್ಟೆ. ಅವಳು ಕೈ ಒರೆಸಿಕೊಂಡು ಫೋನ್ ಕೊಡು ಎಂದಳು. ಆ ಫೋಟೋವನ್ನು ಅವಳು ನೋಡಿಯೇ ಇರಲಿಲ್ಲ. ಮದುವೆಯ ಮಾತೆಂದರೆ ಮುಖ ತಿರುಗಿಸುವವಳು, ತೆಗೆಸಿಕೊಂಡು ಬಂದ ಮೇಲೆ ಅದರ ಸುದ್ದಿಗೇ ಬಂದಿರಲಿಲ್ಲ. ಈಗ ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ನನ್ ಬಣ್ಣ ಎಲ್ಹೋಯ್ತು?"

"ಸ್ಟುಡಿಯೋದವನಿಗೆ ಸ್ವಲ್ಪ ಲೈಟ್ ಮಾಡಪ್ಪ ಅಂದಿದ್ದೆ. ಎಲ್ರೂ ಮಾಡಿಸ್ತಾರೆ ಕಣೇ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಫೋನನ್ನು ಕೆಳಗಿಟ್ಟು ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು.

"ನೋಡೋಕ್ ಬಂದವ್ರಿಗೆಲ್ಲ ಇದನ್ನೇ ಕಳ್ಸಿದ್ಯಾ?"

ಹೂಂ ಎಂದೆ.

"ಬನಶಂಕರಿಯೋರು ಬಂದಿದ್ರಲ್ಲ, ನಾನು ಕಾಫಿ ತಗೊಂಡ್ ಬಂದು ಕೊಟ್ಟು ಕೂತೆ. ಅವ್ರು ನನ್ ಕಡೆ ನೋಡ್ಲೇ ಇಲ್ಲ. ಒಳಗಿನ್ ಬಾಗಿಲ್ ಕಡೇನೇ ನೋಡ್ತಿದ್ರು. ಹುಡುಗಿ ಇನ್ನೂ ಬರ್ಬೇಕು ಅಂದ್ಕೊಂಡಿದ್ರು ಅನ್ಸತ್ತೆ. ನೆನಪಿದ್ಯಾ ನಿಂಗೆ?"

ನನಗೆ ನೆನಪಿತ್ತು. ಹುಡುಗಿ ನೋಡಲು ಬಂದು ಬಾಗಿಲು ನೋಡಿಕೊಂಡು ಕೂತರಲ್ಲ, ಎಂಥ ಜನ ಎಂದು ಅವರು ಹೋದ ಮೇಲೆ ಅವಳ ಮುಂದೆಯೇ ಬೈದವಳು ನಾನು.